ತಗ್ಗುದನಿ

ಇಪ್ಪತ್ತು ತೆತ್ರಿಯ ನಾಣ್ಯ ನುಂಗಿದರೆ ಮಾತ್ರ
ಏರುವ ಲಿಫ್ಟು ಅದು. ನನ್ನ ಜೇಬಿನಲ್ಲಿ
ಸ್ಕ್ರೂಡ್ರೈವರ್ ಇತ್ತು, ಚಿಲ್ಲರೆ ಇರಲಿಲ್ಲ.
ಆರು ಮಹಡಿ ಹತ್ತಿದೆ.

ಬಾಗಿಲಲ್ಲೇ ನಿಂತು ತ್ಸಿಯಾಲಾ ಟೀಚರು
ಬೈಯುತ್ತಿದ್ದರು, ಪುಣ್ಯಕ್ಕೆ ನನ್ನನ್ನಲ್ಲ:
"ನಾಲ್ಕು ದಿನ, ನುಗ್ಜಾರ್! ಬತುಮಿಯ ಆ ಮುದುಕನ ಜೊತೆ
ನಾರ್ದಿ ಆಟ ಅರ್ಧಕ್ಕೇ ನಿಂತಿದೆ.
ದಾಳ ಹಾಕೋ ಸರದಿ ನಂದು.
ಸೋಲ್ತೀನಂತ ಕದ ಹಾಕ್ಕೊಂಡಳು ಅಂತ
ಇಷ್ಟೊತ್ತಿಗೆ ಬಂದರೆಲ್ಲ ಸಾರಿರ್ತಾನೆ."

ಲ್ಯಾಪ್‌ಟಾಪಿಗೆ ಹದಿನಾಲ್ಕು ವರ್ಷ.
ಕೀಲು ಸಡಿಲ, ಬೆನ್ನಿಗೆ ಆಸರೆ ಜಾಮಿನ ಜಾಡಿ.
ಎಂದೋ ಕಳಚಿದ ಒಂದು ಕೀಲಿಯ ಜಾಗದಲ್ಲಿ
ನೀಲಿ ಅಂಗಿಯ ಗುಂಡಿ, ಅಂಟು ಹಾಕಿ ಕೂರಿಸಿದ್ದು.

ನನ್ನ ಕಸುಬಿನ ಶಾಸ್ತ್ರ ಶುರುವಾಯಿತು.
ಆರಿಸಿ, ಹತ್ತೆಣಿಸಿ, ಹೊತ್ತಿಸಿದೆ.
ಅಂಚಿನ ಜಾರುಗುಂಡಿ ತಡವಿದೆ,
ಎಷ್ಟೋ ಮನೆಗಳಲ್ಲಿ ಕಳ್ಳ ಅಲ್ಲೇ ಕೂತಿರುತ್ತಾನೆ.
ಇಲ್ಲಿ ಇರಲಿಲ್ಲ.
ಡ್ರೈವರನ್ನು ಕಿತ್ತು ಮತ್ತೆ ನೆಟ್ಟೆ.
ತಳ ಬಿಚ್ಚಿ ನೋಡಿದೆ: ಬೆರಳಗಲದ ಕಾರ್ಡು,
ಎರಡು ತಂತಿ, ಭದ್ರವಾಗಿಯೇ ಇವೆ.
ಒಂದು ಹಿಡಿ ಧೂಳು ಮಾತ್ರ ನನಗೆ ಲಾಭ.

ಪರದೆಯ ಪಟ್ಟಿಯಲ್ಲಿ ಹೆಸರುಗಳು ಮೂಡಿದವು.
ಮೂರನೇ ಮಹಡಿಯ ದಂತವೈದ್ಯ ಇದ್ದಾನೆ,
ಬೀದಿಯಾಚೆಯ ರೊಟ್ಟಿ ಅಂಗಡಿ ಇದೆ,
'ಕದ್ದರೆ ಕೈ ಸೇದಿಹೋಗಲಿ' ಎಂದು ಹೆಸರಿಟ್ಟ
ಯಾರೋ ಧರ್ಮಾತ್ಮನೂ ಇದ್ದಾನೆ.
ಈ ಮನೆಯದೊಂದಿಲ್ಲ.
ಎರಡು ಮಾರು ದೂರದಲ್ಲಿ, ಪಿಯಾನೋದ ನೆತ್ತಿಯಲ್ಲಿ,
ಹೊಚ್ಚಹೊಸ ರೌಟರು ಆರು ಕೊಂಬೆತ್ತಿ ನಿಂತಿದೆ.
ನನ್ನ ಫೋನಿಗೆ ಕಾಣುತ್ತದೆ, ಇದಕ್ಕೆ ಕಾಣುವುದಿಲ್ಲ.
"ಹೋದ ವಾರ ಕಂಪನಿ ಹುಡುಗ ತಂದಿಟ್ಟ.
ಗಾಳಿಗಿಂತ ಜೋರು ಅಂದ."

ಅಷ್ಟರಲ್ಲಿ ಅಡುಗೆಮನೆಯ ಟೈಮರು
ಸೂಜಿಯಂಥ ದನಿಯಲ್ಲಿ ಕಿರುಚತೊಡಗಿತು.
ಟೀಚರು ಅಲುಗಲಿಲ್ಲ.
ಓವನಿನತ್ತ ಕೈ ತೋರಿಸಿದೆ.
"ಓ, ಕೂಗ್ತಾ ಇದೆಯಾ?" ಅಂದರು. ಎದ್ದು ಹೋಗುತ್ತಲೇ,
"ಮೊದಲು ಸೊಳ್ಳೆ ಹೋಯ್ತು. ಆಮೇಲೆ ಗುಬ್ಬಿ.
ಕೊನೇ ವರ್ಷ ನನ್ನ ಗಾಯನವೃಂದದ ಮೇಲಿನ ಸಾಲಿನ ಹುಡುಗಿಯರು
ಬಾಯಿ ತೆರೀತಿದ್ರು, ನಾನು ಕೈ ಆಡಿಸ್ತಿದ್ದೆ,
ನಡುವೆ ಏನೂ ಇರಲಿಲ್ಲ.
ಬಾನಿ ಮಾತ್ರ ಉಳಿದಿದೆ, ಗಂಡಸರ ಆ ತಳದ ದನಿ.
ಅದನ್ನು ಅಂಗಾಲಲ್ಲೂ ಕೇಳಬಹುದು."

ಬಿಚ್ಚಿದ ಯಂತ್ರ ನನ್ನ ತೊಡೆಯ ಮೇಲಿತ್ತು.
ನನ್ನ ತಲೆಯಲ್ಲಿ ದೀಪ ಹತ್ತಲು, ನಾಚಿಕೆಯ ಮಾತು,
ಓವನ್ ಆರುವಷ್ಟು ಹೊತ್ತು ಹಿಡಿಯಿತು.

ಡ್ರಾಯರಿನ ತಳದಿಂದ ಹಳದಿ ಕೇಬಲ್ಲು ಎಳೆದೆ,
ರೌಟರನ್ನು ಬೋರಲು ಹಾಕಿ ಗುಪ್ತಪದ ಓದಿದೆ,
ಒಳಹೊಕ್ಕೆ. ಅಂದುಕೊಂಡಂತೆಯೇ:
ತಾರಸ್ಥಾಯಿಯೊಂದೇ ತೆರೆದಿತ್ತು,
ಕೆಳಗಿನ ಪಟ್ಟಿಯನ್ನು ಆ ಹುಡುಗ ಮುಚ್ಚಿ ಹೋಗಿದ್ದ.
ಈ ಮುದಿ ಕಾರ್ಡಿನ ಕಿವಿ ಅಷ್ಟೆತ್ತರಕ್ಕೆ ಏರದು.
ಕೊಳವೆ ಕೆಟ್ಟಿಲ್ಲ, ಕಾರ್ಡು ಸತ್ತಿಲ್ಲ,
ಕರೆದವನ ಶ್ರುತಿಯೇ ಮೇಲಾಗಿತ್ತು.

ಚೌಕದಲ್ಲೊಂದು ಗುರುತು ಹಾಕಿದೆ.
"ಇದಕ್ಕೆ ಬೇರೆ ಹೆಸರು ಬೇಕು, ಟೀಚರ್. ಏನಿಡಲಿ?"
"ನಾನು ಓಡಿಲ್ಲ ಅಂತ ಇಡು."
"ಬತುಮಿಗೆ ಅದು ಕಾಣೋದಿಲ್ಲ."
"ದಂತವೈದ್ಯನಿಗಾದರೂ ಕಾಣಲಿ."

ಪಟ್ಟಿಯ ತುದಿಗೆ ಬಂತು. ನಿಧಾನ, ಆದರೆ ಬಂತು.
ಆಟದ ಹಲಗೆ ಒಂದೊಂದೇ ಕಾಯಿಯಾಗಿ ತೆರೆದುಕೊಂಡಿತು.
ಪಕ್ಕದಲ್ಲಿ ಮುದುಕನ ನಾಲ್ಕು ದಿನದ ನಾಲ್ಕು ಸಂದೇಶ.
ಮೂರರಲ್ಲಿ ಗೇಲಿ.
ನಾಲ್ಕನೆಯದು: 'ಹುಷಾರಿದ್ದೀರಾ?'
ಅವರು ಕನ್ನಡಕ ಏರಿಸಿ ಅದನ್ನು ಓದಿದರು.
ಉತ್ತರ ಬರೆಯಲಿಲ್ಲ. ದಾಳ ಹಾಕಿದರು.
ಎರಡು, ಒಂದು. ಥೂ ಅಂದರು.

ಕೂಲಿಗೆ ಅರ್ಧ ಕರಕಲಾದ ಖಾಚಾಪುರಿ,
ಮೇಲೆ ಇಪ್ಪತ್ತು ತೆತ್ರಿಯ ನಾಣ್ಯವೊಂದು,
ಮುಂದಿನ ಸಲಕ್ಕೆ.
ಇಳಿಯುವಾಗ ಫೋನು ನೋಡುತ್ತಾ ಬಂದೆ.
ಆ ಜೋರಿನದು ಐದನೆಯ ಮಹಡಿಗೇ ಸುಸ್ತಾಗಿ ಬಿತ್ತು.
ನಾಲ್ಕು, ಮೂರು, ಎರಡು,
ಕಾಂಕ್ರೀಟಿನ ಗೋಡೆಗಳ ಒಳಗಿಂದ
'ನಾನು ಓಡಿಲ್ಲ' ಎನ್ನುತ್ತಲೇ ಇತ್ತು ಇನ್ನೊಂದು,
ಅಂಚೆಪೆಟ್ಟಿಗೆಗಳ ಬಳಿಯೂ,
ಒಂದೇ ಒಂದು ಗೀಟಿನಷ್ಟು.